ಕರೆಂಟ್ ಹೋಗಿ ಬಂದರೂ ಪ್ರಿಂಟ್ ನಿಲ್ಲಬಾರದು: ಅಂಗಡಿಯ ಲಿನಕ್ಸ್ ಕಂಪ್ಯೂಟರ್‌ಗಳಿಗೆ ನೆಟ್‌ವರ್ಕ್ ಪ್ರಿಂಟರ್ ಜೋಡಿಸುವ ಕ್ರಮ

ಬೆಳ್ಳಾರೆ: ಜೂನ್ ತಿಂಗಳು ಬಂತೆಂದರೆ ಪೇಟೆಯ ಜೆರಾಕ್ಸ್ ಮತ್ತು ಕಂಪ್ಯೂಟರ್ ಅಂಗಡಿಗಳಲ್ಲಿ ಎರಡು ಸಂಗತಿ ಒಟ್ಟಿಗೆ ಶುರುವಾಗುತ್ತವೆ. ಒಂದು, ಶಾಲೆ ಕಾಲೇಜು ದಾಖಲಾತಿಯ ರಶ್. ಇನ್ನೊಂದು, ಗಾಳಿ ಮಳೆಗೆ ಹೋಗಿ ಬರುವ ಕರೆಂಟ್. ಕಳಂಜ, ಬಾಳಿಲ, ಪೆರುವಾಜೆ, ಐವರ್ನಾಡು ಕಡೆಯಿಂದ ಆರ್‌ಟಿಸಿ, ಆಧಾರ್, ಜಾತಿ-ಆದಾಯ ಪ್ರಮಾಣಪತ್ರದ ಪ್ರಿಂಟ್‌ಗೆ ಬಂದವರು ಬಸ್ಸಿನ ಹೊತ್ತು ನೋಡುತ್ತಾ ನಿಂತಿರುತ್ತಾರೆ. ಕರೆಂಟ್ ಬರುತ್ತದೆ, ಕಂಪ್ಯೂಟರ್ ಆನ್ ಆಗುತ್ತದೆ, ಪ್ರಿಂಟರ್‌ನಲ್ಲಿ ಹಸಿರು ದೀಪವೂ ಉರಿಯುತ್ತದೆ. ಆದರೆ ಪ್ರಿಂಟ್ ಮಾತ್ರ ಬರುವುದಿಲ್ಲ.

ಇಂಥ ಹೊತ್ತಿನಲ್ಲಿ ಹೆಚ್ಚಿನ ಸಲ ಪ್ರಿಂಟರ್ ಹಾಳಾಗಿರುವುದಿಲ್ಲ. ರೂಟರ್ ಆಫ್ ಆಗಿ ಆನ್ ಆಗುವಾಗ ಪ್ರಿಂಟರ್‌ಗೆ ಹೊಸ ವಿಳಾಸ ಕೊಟ್ಟಿರುತ್ತದೆ, ಕಂಪ್ಯೂಟರ್ ಹಳೆಯ ವಿಳಾಸಕ್ಕೇ ಕಾಗದ ಕಳಿಸುತ್ತಾ ಕೂತಿರುತ್ತದೆ. ಮನೆ ಬದಲಿಸಿದವರಿಗೆ ಹಳೆ ಮನೆ ನಂಬರಿಗೆ ಅಂಚೆ ಹಾಕಿದ ಹಾಗೆ. ಪ್ರಿಂಟರ್‌ಗೆ ಒಂದು ಖಾಯಂ ವಿಳಾಸ ಕೊಟ್ಟು, ಎಲ್ಲ ಕಂಪ್ಯೂಟರ್‌ಗಳಿಗೂ ಅದೇ ವಿಳಾಸ ಹೇಳಿಬಿಟ್ಟರೆ ಈ ತೊಂದರೆ ಬಹುಪಾಲು ಮುಗಿಯುತ್ತದೆ. ಎರಡು ಮೂರು ಕಂಪ್ಯೂಟರ್ ಇರುವ ಅಂಗಡಿ, ಸಂಘದ ಕಚೇರಿ, ಶಾಲೆಯ ಲ್ಯಾಬ್, ಎಲ್ಲಿಗಾದರೂ ಹೊಂದುವ ಕ್ರಮ ಇಲ್ಲಿದೆ.

ಲಿನಕ್ಸ್ ಮಾತು ಈಗ ಯಾಕೆ?

2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ಕೊಡುತ್ತಿದ್ದ ಸಾಮಾನ್ಯ ಬೆಂಬಲ ಮುಗಿಯಿತು. ವಿಂಡೋಸ್ 11 ಹಾಕೋಣ ಎಂದರೆ ಟಿಪಿಎಂ 2.0 ಚಿಪ್ ಬೇಕು. ಇಂಟೆಲ್ ಆದರೆ ಸಾಮಾನ್ಯವಾಗಿ 8ನೇ ತಲೆಮಾರಿನ ಅಥವಾ ಅದಕ್ಕಿಂತ ಹೊಸ ಪ್ರೊಸೆಸರ್ ಬೇಕು. ಅಂಗಡಿಗಳಲ್ಲಿರುವ ಎಷ್ಟೋ ಗಟ್ಟಿಮುಟ್ಟಾದ ಹಳೆ ಕಂಪ್ಯೂಟರ್‌ಗಳು ಈ ಲೆಕ್ಕಕ್ಕೆ ಬರುವುದಿಲ್ಲ. ಅವನ್ನು ಗುಜರಿಗೆ ಹಾಕುವ ಬದಲು ಉಚಿತವಾಗಿ ಸಿಗುವ ಲಿನಕ್ಸ್ ಹಾಕಿಸಿಕೊಳ್ಳಬಹುದು. ಲಿನಕ್ಸ್ ಮಿಂಟ್‌ಗೆ 2 ಜಿಬಿ ರ‍್ಯಾಮ್ ಇದ್ದರೆ ನಡೆಯುತ್ತದೆ, 4 ಜಿಬಿ ಇದ್ದರೆ ಆರಾಮ. ಮಿಂಟ್ 22ಕ್ಕೆ 2029ರವರೆಗೆ ಸುರಕ್ಷತಾ ಅಪ್‌ಡೇಟ್ ಸಿಗುತ್ತದೆ.

ಇದೇನು ದೂರದ ಊರಿನ ಕತೆಯಲ್ಲ. ಜಾಲ್ಸೂರು ದಾಟಿ ಗಡಿಯಾಚೆ ಕಾಸರಗೋಡು ಜಿಲ್ಲೆಗೆ ಹೋದರೆ ಅಲ್ಲಿನ ಸರಕಾರಿ ಮತ್ತು ಅನುದಾನಿತ ಶಾಲೆಗಳಲ್ಲಿ, ಕನ್ನಡ ಮಾಧ್ಯಮದವೂ ಸೇರಿ, ಮಕ್ಕಳು ಕಂಪ್ಯೂಟರ್ ಕಲಿಯುವುದು ಲಿನಕ್ಸ್‌ನಲ್ಲೇ. ಕೇರಳದಲ್ಲಿ 2001ರಲ್ಲಿ ಶುರುವಾದ ಐಟಿ@ಸ್ಕೂಲ್ ಯೋಜನೆ ಮುಂದೆ ಸ್ವತಂತ್ರ ತಂತ್ರಾಂಶಕ್ಕೆ ತಿರುಗಿತು. 2017ರಲ್ಲಿ ಅದು ಕೈಟ್ ಎಂಬ ಸರಕಾರಿ ಕಂಪೆನಿಯಾಯಿತು. ಉಬುಂಟು ಆಧರಿಸಿದ ತನ್ನದೇ ಲಿನಕ್ಸ್ ಅನ್ನು ಅದು ಶಾಲೆಗಳಿಗೆ ಕೊಡುತ್ತದೆ. ಹಾಗಾಗಿ ಗಡಿಭಾಗದ ಮನೆಗಳಲ್ಲಿ ಲಿನಕ್ಸ್ ಗೊತ್ತಿರುವ ಮಕ್ಕಳು ಸಿಗುವುದು ಕಷ್ಟವಲ್ಲ.

ಒಂದು ಎಚ್ಚರಿಕೆ. ಟ್ಯಾಲಿ ಲೆಕ್ಕ, ಡಿಜಿಟಲ್ ಸಹಿಯ ಟೋಕನ್, ಬೆರಳಚ್ಚಿನ ಸಾಧನ ಇಂಥವುಗಳಲ್ಲಿ ಹೆಚ್ಚಿನವು ವಿಂಡೋಸ್ ಅನ್ನೇ ನಂಬಿಕೊಂಡಿವೆ. ಆ ಕೆಲಸ ಇರುವವರು ವಿಂಡೋಸ್ 11 ನಡೆಯುವ ಒಂದು ಕಂಪ್ಯೂಟರ್ ಇಟ್ಟುಕೊಂಡು ಉಳಿದವುಗಳಿಗೆ ಲಿನಕ್ಸ್ ಹಾಕುವುದು ಒಳ್ಳೆಯದು. ಪ್ರಿಂಟರ್ ನೆಟ್‌ವರ್ಕ್‌ನಲ್ಲಿದ್ದರೆ ಎರಡೂ ಬಗೆಯ ಕಂಪ್ಯೂಟರ್‌ಗೆ ಅದೊಂದೇ ಸಾಕು.

ಒಳಗೆ ನಡೆಯುವುದೇನು?

1969ರಲ್ಲಿ ಅಮೆರಿಕದ ಬೆಲ್ ಲ್ಯಾಬ್ಸ್‌ನಲ್ಲಿ ಹುಟ್ಟಿದ ಯುನಿಕ್ಸ್ ವ್ಯವಸ್ಥೆಯಲ್ಲಿ ಒಂದು ಪ್ರಿಂಟರನ್ನು ಹಲವರು ಹಂಚಿಕೊಳ್ಳುವುದು ಮೊದಲಿನಿಂದಲೂ ಇದ್ದ ಅಭ್ಯಾಸ. ಸಾಲು ಸಾಲಾಗಿ ಅಚ್ಚು ಹೊಡೆಯುವ ಆಗಿನ ಲೈನ್ ಪ್ರಿಂಟರ್‌ನ ನೆನಪಿಗೆ ಇಂದಿಗೂ ಪ್ರಿಂಟಿಂಗ್ ಆದೇಶಗಳಲ್ಲಿ ಹಲವು 'ಎಲ್‌ಪಿ' ಅಕ್ಷರಗಳಿಂದಲೇ ಶುರುವಾಗುತ್ತವೆ. ಯುನಿಕ್ಸ್ ಮಾದರಿಯಲ್ಲೇ ಬಂದ ಲಿನಕ್ಸ್ ಈಗ ಪ್ರಿಂಟ್ ಕೆಲಸಕ್ಕೆ ಬಳಸುವುದು ಕಪ್ಸ್ ಎಂಬ ತಂತ್ರಾಂಶವನ್ನು. ಮೈಕೆಲ್ ಸ್ವೀಟ್ ಎಂಬವರು ಬರೆದ ಇದು 1999ರಲ್ಲಿ ಹೊರಬಂತು. ಆಪಲ್ ಕಂಪೆನಿಯ ಮ್ಯಾಕ್ ಕಂಪ್ಯೂಟರ್‌ಗಳೂ 2002ರಿಂದ ಇದನ್ನೇ ಬಳಸುತ್ತಿವೆ.

ಕಪ್ಸ್‌ನ ಕೆಲಸ ಸರಳ. ಪಡಿತರ ಅಂಗಡಿಯಲ್ಲಿ ಸಾಲು ನಿಲ್ಲಿಸುವ ಹಾಗೆ ಪ್ರಿಂಟ್‌ಗೆ ಬಂದ ಕಾಗದಗಳನ್ನು ಸರತಿಯಲ್ಲಿ ನಿಲ್ಲಿಸುತ್ತದೆ, ಪ್ರಿಂಟರ್‌ಗೆ ಅರ್ಥವಾಗುವ ಭಾಷೆಗೆ ಬದಲಿಸುತ್ತದೆ, ಒಂದೊಂದಾಗಿ ಕಳಿಸುತ್ತದೆ. ಕಳಿಸುವ ಬಾಗಿಲಿಗೆ ಪೋರ್ಟ್ ಎನ್ನುತ್ತಾರೆ. ನೆನಪಿಡಬೇಕಾದ್ದು ಎರಡು ಪೋರ್ಟ್: ಐಪಿಪಿ ಎಂಬ ಈಗಿನ ಕ್ರಮಕ್ಕೆ 631, ಹಳೆಯ ಜೆಟ್‌ಡೈರೆಕ್ಟ್ ಕ್ರಮಕ್ಕೆ 9100.

ಯಾವ ಪ್ರಿಂಟರ್ ಆದೀತು?

ಕೆಲಸಕ್ಕೆ ಕೈಹಾಕುವ ಮೊದಲು ಇದ್ದ ಪ್ರಿಂಟರ್ ಯಾವ ಜಾತಿಯದ್ದು ಎಂದು ನೋಡಿಕೊಳ್ಳಬೇಕು. ಅರ್ಧ ಸಮಸ್ಯೆ ಇಲ್ಲೇ ಇತ್ಯರ್ಥ ಆಗುತ್ತದೆ.

ಮೊದಲನೆಯದು, ಲ್ಯಾನ್ ಕೇಬಲ್ ಚುಚ್ಚುವ ಜಾಗ ಅಥವಾ ವೈಫೈ ಇರುವ, ಪೆಟ್ಟಿಗೆಯ ಮೇಲೆ ಏರ್‌ಪ್ರಿಂಟ್ ಅಥವಾ ಮೋಪ್ರಿಯಾ ಎಂದು ಬರೆದಿರುವ ಪ್ರಿಂಟರ್. ಇದಕ್ಕೆ ಸಾಮಾನ್ಯವಾಗಿ ಡ್ರೈವರ್ ಹುಡುಕುವ ಕೆಲಸವೇ ಇಲ್ಲ. ಲಿನಕ್ಸ್ ಅದನ್ನು ತಾನೇ ಗುರುತಿಸುತ್ತದೆ. ಹೊಸತು ತೆಗೆದುಕೊಳ್ಳುವವರು ಈ ಎರಡರಲ್ಲಿ ಒಂದು ಗುರುತಿದೆಯಾ ಅಂತ ಅಂಗಡಿಯಲ್ಲೇ ನೋಡಿ ತೆಗೆದುಕೊಳ್ಳುವುದು ಜಾಣತನ. ಎಪ್ಸನ್ ಇಂಕ್ ಟ್ಯಾಂಕ್‌ನ ಹಲವು ಮಾಡೆಲ್‌ಗಳಿಗೆ ಬೇಕಾದ ಡ್ರೈವರ್ ಲಿನಕ್ಸ್‌ನ ಸಾಫ್ಟ್‌ವೇರ್ ಭಂಡಾರದಲ್ಲೇ ಸಿಗುತ್ತದೆ.

ಎರಡನೆಯದು, ಯುಎಸ್‌ಬಿ ಮಾತ್ರ ಇರುವ ಎಚ್‌ಪಿ ಲೇಸರ್‌ಜೆಟ್ 1020ರಂಥವು. ಎಚ್‌ಪಿ ಪ್ರಿಂಟರ್‌ಗಳಿಗೆ ಎಚ್‌ಪಿಎಲ್‌ಐಪಿ ಎಂಬ ತಂತ್ರಾಂಶವಿದೆ. ಆದರೆ 1020ಕ್ಕೆ ಅದರ ಜೊತೆಗೆ ಎಚ್‌ಪಿಯ ಪ್ಲಗಿನ್ ಒಂದನ್ನು ಇಂಟರ್ನೆಟ್‌ನಿಂದ ಇಳಿಸಿಕೊಳ್ಳಬೇಕು. ಈ ಪ್ರಿಂಟರ್‌ಗೆ ಇನ್ನೊಂದು ಗುಣವಿದೆ: ಕರೆಂಟ್ ಹೋದ ಕೂಡಲೇ ತನ್ನೊಳಗಿನ ಫರ್ಮ್‌ವೇರ್ ಮರೆತುಬಿಡುತ್ತದೆ. ಪ್ರತಿ ಸಲ ಆನ್ ಆಗುವಾಗ ಕಂಪ್ಯೂಟರ್ ಅದನ್ನು ಮತ್ತೆ ತುಂಬಬೇಕು. ಆದ್ದರಿಂದ ಕಂಪ್ಯೂಟರ್ ಪೂರ್ತಿ ಆನ್ ಆದ ಮೇಲೆ ಪ್ರಿಂಟರ್ ಆನ್ ಮಾಡಿದರೆ ಒಳ್ಳೆಯದು.

ಮೂರನೆಯದು, ಜೆರಾಕ್ಸ್ ಅಂಗಡಿಗಳಲ್ಲಿ ಎಲ್ಲೆಲ್ಲೂ ಕಾಣುವ ಕ್ಯಾನನ್ ಎಲ್‌ಬಿಪಿ 2900. ಗಟ್ಟಿ ಯಂತ್ರ, ಖರ್ಚೂ ಕಡಿಮೆ. ಆದರೆ ಇದು ಕ್ಯಾಪ್ಟ್ ಎಂಬ ಕ್ಯಾನನ್‌ನ ಸ್ವಂತ ಭಾಷೆಯಲ್ಲೇ ಮಾತಾಡುವುದು. ಲಿನಕ್ಸ್‌ಗೆ ಡ್ರೈವರ್ ಇದ್ದರೂ ಕೂರಿಸುವುದು ಕಿರಿಕಿರಿ, ವ್ಯವಸ್ಥೆ ಅಪ್‌ಡೇಟ್ ಆದಾಗ ಕೈಕೊಡುವುದೂ ಉಂಟು. ಇದೊಂದೇ ಪ್ರಿಂಟರ್ ನಂಬಿಕೊಂಡ ಅಂಗಡಿಯವರು ಇದನ್ನು ವಿಂಡೋಸ್ ಇರುವ ಕಂಪ್ಯೂಟರ್‌ನಲ್ಲೇ ಬಿಡುವುದು ಲೇಸು.

ನಾಲ್ಕನೆಯದು, ಬಿಲ್ಲಿಗೆ ಬಳಸುವ ಟಿವಿಎಸ್, ಎಪ್ಸನ್ ಡಾಟ್ ಮ್ಯಾಟ್ರಿಕ್ಸ್. ಕಾರ್ಬನ್ ಪ್ರತಿ ಬೇಕಾದವರಿಗೆ ಇದಕ್ಕೆ ಸಮ ಇಲ್ಲ. ಕಪ್ಸ್‌ನಲ್ಲಿರುವ ಎಪ್ಸನ್ 9-ಪಿನ್ ಅಥವಾ 24-ಪಿನ್ ಸಾಮಾನ್ಯ ಡ್ರೈವರ್‌ನಲ್ಲಿ ಇವುಗಳಲ್ಲಿ ಹೆಚ್ಚಿನವು ನಡೆಯುತ್ತವೆ.

ಸಂಶಯ ಇದ್ದರೆ ಪರೀಕ್ಷೆಗೆ ಒಳ್ಳೆಯ ದಾರಿ ಇದೆ. ಲಿನಕ್ಸ್ ಮಿಂಟ್ ಅನ್ನು ಪೆನ್‌ಡ್ರೈವ್‌ನಿಂದಲೇ ಓಡಿಸಬಹುದು, ಹಾರ್ಡ್ ಡಿಸ್ಕ್‌ನಲ್ಲಿ ಇದ್ದದ್ದು ಇದ್ದ ಹಾಗೇ ಇರುತ್ತದೆ. ಅದರಲ್ಲಿ ಪ್ರಿಂಟರ್ ಸೇರಿಸಿ ಒಂದು ಟೆಸ್ಟ್ ಪೇಜ್ ತೆಗೆದು ನೋಡಬೇಕು. ಬಂತು ಅಂದ್ರೆ ಮುಂದುವರಿಯುವುದು, ಬರಲಿಲ್ಲ ಅಂದ್ರೆ ಪೆನ್‌ಡ್ರೈವ್ ತೆಗೆದು ಹಳೆಯದರಲ್ಲೇ ಕೆಲಸ ಮಾಡುವುದು. ನಷ್ಟ ಏನೂ ಇಲ್ಲ.

ಮೊದಲ ಹೆಜ್ಜೆ: ಪ್ರಿಂಟರ್‌ಗೆ ಖಾಯಂ ವಿಳಾಸ

ಇದು ಇಡೀ ಕೆಲಸದ ಅಡಿಪಾಯ. ಹೆಚ್ಚಿನವರು ಬಿಟ್ಟುಬಿಡುವುದೂ ಇದನ್ನೇ.

1. ಪ್ರಿಂಟರನ್ನು ರೂಟರ್‌ಗೆ ಸೇರಿಸಬೇಕು. ಲ್ಯಾನ್ ಕೇಬಲ್ ಹಾಕುವ ಜಾಗ ಇದ್ದರೆ ಕೇಬಲ್ಲೇ ಒಳ್ಳೆಯದು. ವೈಫೈ ಆದರೆ ಹಲವು ಸಣ್ಣ ಪ್ರಿಂಟರ್‌ಗಳಿಗೆ 2.4 ಗಿಗಾಹರ್ಟ್ಸ್ ಸಿಗ್ನಲ್ ಮಾತ್ರ ಹಿಡಿಯುತ್ತದೆ, 5 ಗಿಗಾಹರ್ಟ್ಸ್ ಕಾಣುವುದಿಲ್ಲ. ಕಂಪ್ಯೂಟರ್ 5ರಲ್ಲಿ, ಪ್ರಿಂಟರ್ 2.4ರಲ್ಲಿ ಇದ್ದರೂ ರೂಟರ್ ಒಂದೇ ಆಗಿದ್ದರೆ ಸಾಮಾನ್ಯವಾಗಿ ತೊಂದರೆ ಇಲ್ಲ.

2. ಪ್ರಿಂಟರ್‌ನ ಮೆನುವಿನಿಂದ ನೆಟ್‌ವರ್ಕ್ ಅಥವಾ ಕಾನ್ಫಿಗರೇಶನ್ ಪುಟದ ಪ್ರಿಂಟ್ ತೆಗೆಯಬೇಕು. ಅದರಲ್ಲಿ ಎರಡು ಮುಖ್ಯ ಸಾಲು ಇರುತ್ತದೆ. ಒಂದು ಐಪಿ ವಿಳಾಸ, ಅಂದರೆ ಈಗಿನ ವಿಳಾಸ, ಉದಾಹರಣೆಗೆ 192.168.1.104. ಇನ್ನೊಂದು ಮ್ಯಾಕ್ ವಿಳಾಸ, ಅಂದರೆ ಆ ಯಂತ್ರಕ್ಕೆ ಕಾರ್ಖಾನೆಯಲ್ಲೇ ಕೊಟ್ಟ, ಎರಡೆರಡರ ಆರು ಗುಂಪಿನಲ್ಲಿ ಬರೆದ ಹನ್ನೆರಡು ಅಂಕಿ-ಅಕ್ಷರಗಳ ಗುರುತು. ಐಪಿ ಬದಲಾಗುತ್ತದೆ, ಮ್ಯಾಕ್ ಬದಲಾಗುವುದಿಲ್ಲ.

3. ಕಂಪ್ಯೂಟರ್‌ನ ಬ್ರೌಸರ್‌ನಲ್ಲಿ ರೂಟರ್‌ನ ವಿಳಾಸ ಹೊಡೆಯಬೇಕು. ಹೆಚ್ಚಾಗಿ 192.168.1.1 ಅಥವಾ 192.168.0.1 ಇರುತ್ತದೆ. ಪಾಸ್‌ವರ್ಡ್ ರೂಟರ್‌ನ ಅಡಿಯ ಚೀಟಿಯಲ್ಲಿರುತ್ತದೆ, ಇಲ್ಲದಿದ್ದರೆ ಇಂಟರ್ನೆಟ್ ಹಾಕಿದವರನ್ನು ಕೇಳಬೇಕು.

4. ಅಲ್ಲಿ 'ಡಿಎಚ್‌ಸಿಪಿ' ವಿಭಾಗದಲ್ಲಿ 'ಅಡ್ರೆಸ್ ರಿಸರ್ವೇಶನ್' ಅಥವಾ 'ಸ್ಟ್ಯಾಟಿಕ್ ಲೀಸ್' ಎಂಬುದಿರುತ್ತದೆ. ಪ್ರಿಂಟರ್‌ನ ಮ್ಯಾಕ್ ವಿಳಾಸ ಬರೆದು, ಅದಕ್ಕೆ 192.168.1.50 ಎಂಬಂತೆ ಒಂದು ವಿಳಾಸ ಗೊತ್ತುಮಾಡಿ ಸೇವ್ ಕೊಡಬೇಕು. ಬಸ್ಸಿನಲ್ಲಿ ಸೀಟಿಗೆ ಟವೆಲ್ ಹಾಕಿದ ಹಾಗೆ, ಆ ನಂಬರ್ ಇನ್ನು ಬೇರೆ ಯಾರಿಗೂ ಹೋಗುವುದಿಲ್ಲ.

5. ರೂಟರ್‌ನಲ್ಲಿ ಈ ಸೌಲಭ್ಯ ಇಲ್ಲದಿದ್ದರೆ ಪ್ರಿಂಟರ್‌ನ ಮೆನುವಿನಲ್ಲೇ 'ಮ್ಯಾನುವಲ್ ಐಪಿ' ಕೊಡಬಹುದು. ಸಬ್‌ನೆಟ್ 255.255.255.0, ಗೇಟ್‌ವೇ ಎಂದರೆ ರೂಟರ್‌ನ ವಿಳಾಸ. ಆದರೆ ರೂಟರ್ ತಾನಾಗಿ ಹಂಚುವ ಸಾಲಿನ ಹೊರಗಿನ ನಂಬರನ್ನೇ ಆರಿಸಬೇಕು. 100ರಿಂದ 200ರವರೆಗೆ ಅದು ಹಂಚುತ್ತಿದ್ದರೆ ಪ್ರಿಂಟರ್‌ಗೆ 50 ಕೊಡಬಹುದು. ಇಲ್ಲವಾದರೆ ಗಿರಾಕಿಯ ಮೊಬೈಲಿಗೂ ಪ್ರಿಂಟರ್‌ಗೂ ಒಂದೇ ನಂಬರ್ ಬಿದ್ದು ಎರಡೂ ಒದ್ದಾಡುತ್ತವೆ.

6. ರೂಟರ್, ಪ್ರಿಂಟರ್ ಎರಡನ್ನೂ ಒಮ್ಮೆ ಆಫ್ ಮಾಡಿ ಆನ್ ಮಾಡಬೇಕು. ಕಾನ್ಫಿಗರೇಶನ್ ಪುಟ ಮತ್ತೆ ತೆಗೆದು ವಿಳಾಸ ಹೇಳಿದ್ದೇ ಬಂದಿದೆಯೇ ಎಂದು ನೋಡಬೇಕು. ಇದು ಆಗದೆ ಮುಂದಿನ ಹೆಜ್ಜೆಗೆ ಹೋಗಬಾರದು.

ಎರಡನೇ ಹೆಜ್ಜೆ: ಪ್ರತಿ ಕಂಪ್ಯೂಟರ್‌ಗೂ ಹೇಳಿಕೊಡುವುದು

ಲಿನಕ್ಸ್ ಮಿಂಟ್‌ನಲ್ಲಿ ಮೆನುವಿನಿಂದ 'ಪ್ರಿಂಟರ್ಸ್' ತೆರೆದು 'ಆಡ್' ಒತ್ತಬೇಕು. ಏರ್‌ಪ್ರಿಂಟ್ ಬಗೆಯ ಪ್ರಿಂಟರ್ ಆದರೆ ಅದು ಮೊದಲೇ ಪಟ್ಟಿಯಲ್ಲಿ ಬಂದು ಕೂತಿರುವುದೂ ಉಂಟು. ಇಲ್ಲದಿದ್ದರೆ 'ನೆಟ್‌ವರ್ಕ್ ಪ್ರಿಂಟರ್' ಎಂಬುದನ್ನು ಬಿಡಿಸಿ, 'ಫೈಂಡ್ ನೆಟ್‌ವರ್ಕ್ ಪ್ರಿಂಟರ್' ಆರಿಸಿ, ಹೋಸ್ಟ್ ಎಂಬಲ್ಲಿ 192.168.1.50 ಬರೆದು 'ಫೈಂಡ್' ಕೊಡಬೇಕು. ಉಬುಂಟುವಿನಲ್ಲಿ 'ಸೆಟ್ಟಿಂಗ್ಸ್' ಒಳಗೆ 'ಪ್ರಿಂಟರ್ಸ್' ಇರುತ್ತದೆ. ಅಲ್ಲಿಯೂ ವಿಳಾಸ ಬರೆದು ಹುಡುಕಬಹುದು.

ಹುಡುಕಿದಾಗ ಒಂದಕ್ಕಿಂತ ಹೆಚ್ಚು ದಾರಿ ತೋರಿಸಿದರೆ ಮೊದಲು 'ಐಪಿಪಿ' ಇರುವುದನ್ನು ಆರಿಸಬೇಕು. ಅದರಲ್ಲಿ ಕಾಗದ ಮುಗಿದಿದೆ, ಶಾಯಿ ಕಡಿಮೆಯಾಗಿದೆ ಎಂಬ ಸುದ್ದಿಯೂ ಕಂಪ್ಯೂಟರ್‌ಗೆ ವಾಪಸ್ ಬರುತ್ತದೆ. ಹಳೆ ಆಫೀಸ್ ಲೇಸರ್ ಪ್ರಿಂಟರ್ ಆಗಿದ್ದು ಐಪಿಪಿ ಒಗ್ಗದಿದ್ದರೆ 'ಆಪ್‌ಸಾಕೆಟ್/ಎಚ್‌ಪಿ ಜೆಟ್‌ಡೈರೆಕ್ಟ್' ಆರಿಸಿ, ಪೋರ್ಟ್ 9100 ಎಂದಿರುವುದನ್ನು ಹಾಗೆಯೇ ಬಿಡಬೇಕು. ಆಗ ಕಂಪೆನಿ ಮತ್ತು ಮಾಡೆಲ್ ಪಟ್ಟಿ ಬರುತ್ತದೆ. ಸರಿಯಾದ ಮಾಡೆಲ್ ಆರಿಸಬೇಕು.

ಪ್ರಿಂಟರ್‌ಗೆ ಹೆಸರು ಕೊಡುವಾಗ ಖಾಲಿ ಜಾಗ ಬಿಡದೆ, ಚಿಕ್ಕದಾಗಿ, ಇಂಗ್ಲಿಷ್ ಅಕ್ಷರದಲ್ಲೇ ಕೊಡುವುದು ಕ್ಷೇಮ. ಎಲ್ಲ ಕಂಪ್ಯೂಟರ್‌ನಲ್ಲೂ ಅದೇ ಹೆಸರಿದ್ದರೆ ಕೆಲಸಕ್ಕೆ ಬರುವ ಹುಡುಗ ಹುಡುಗಿಯರಿಗೆ ಗೊಂದಲ ಇಲ್ಲ. ಕೊನೆಗೆ ಟೆಸ್ಟ್ ಪೇಜ್ ತೆಗೆಯಬೇಕು, ಆಮೇಲೆ ಮುಂದಿನ ಕಂಪ್ಯೂಟರ್.

ಇದೇ ಕೆಲಸವನ್ನು ಬ್ರೌಸರ್‌ನಲ್ಲೂ ಮಾಡಬಹುದು. ಲಿನಕ್ಸ್ ಕಂಪ್ಯೂಟರ್‌ನಲ್ಲೇ ಬ್ರೌಸರ್ ತೆರೆದು 127.0.0.1:631 ಎಂದು ಹೊಡೆದರೆ ಕಪ್ಸ್‌ನ ಪುಟ ತೆರೆದುಕೊಳ್ಳುತ್ತದೆ. ಯಾವ ಲಿನಕ್ಸ್ ಆದರೂ ಈ ಪುಟ ಹೆಚ್ಚುಕಡಿಮೆ ಒಂದೇ ರೀತಿ ಇರುವುದರಿಂದ ಫೋನ್‌ನಲ್ಲಿ ಇನ್ನೊಬ್ಬರಿಗೆ ಹೇಳಿಕೊಡಲು ಇದು ಸುಲಭ.

ಯುಎಸ್‌ಬಿ ಪ್ರಿಂಟರ್ ಮಾತ್ರ ಇದ್ದರೆ

ಹೊಸತು ಕೊಳ್ಳಲೇಬೇಕೆಂದಿಲ್ಲ. ಪ್ರಿಂಟರ್ ಚುಚ್ಚಿದ ಕಂಪ್ಯೂಟರನ್ನೇ ಉಳಿದವರಿಗೆ ಬಾಗಿಲು ಮಾಡಬಹುದು. ಆ ಕಂಪ್ಯೂಟರ್‌ಗೂ ಮೇಲೆ ಹೇಳಿದ ಹಾಗೆ ರೂಟರ್‌ನಲ್ಲಿ ಖಾಯಂ ವಿಳಾಸ ಕೊಡಬೇಕು, ಉದಾಹರಣೆಗೆ 192.168.1.10.

ಆಮೇಲೆ 'ಪ್ರಿಂಟರ್ಸ್' ಕಿಟಕಿಯಲ್ಲಿ 'ಸರ್ವರ್' ಮೆನು, ಅದರಲ್ಲಿ 'ಸೆಟ್ಟಿಂಗ್ಸ್' ತೆರೆದು 'ಪಬ್ಲಿಶ್ ಶೇರ್ಡ್ ಪ್ರಿಂಟರ್ಸ್' ಎಂಬುದಕ್ಕೆ ಟಿಕ್ ಹಾಕಬೇಕು. ಪ್ರಿಂಟರ್‌ನ ಚಿತ್ರದ ಮೇಲೆ ಮೌಸ್‌ನ ಬಲಗುಂಡಿ ಒತ್ತಿ 'ಶೇರ್ಡ್' ಎಂಬುದಕ್ಕೂ ಟಿಕ್ ಬೇಕು. ಎರಡರಲ್ಲಿ ಒಂದು ಬಿಟ್ಟರೂ ಕೆಲಸ ಆಗುವುದಿಲ್ಲ. ಫೈರ್‌ವಾಲ್ ಆನ್ ಇದ್ದರೆ 631 ಪೋರ್ಟ್‌ಗೆ ಅಂಗಡಿಯ ನೆಟ್‌ವರ್ಕ್ ಒಳಗಿನಿಂದ ಅನುಮತಿ ಕೊಡಬೇಕು.

ಉಳಿದ ಲಿನಕ್ಸ್ ಕಂಪ್ಯೂಟರ್‌ಗಳಲ್ಲಿ ಈ ಪ್ರಿಂಟರ್ ಸ್ವಲ್ಪ ಹೊತ್ತಿನಲ್ಲಿ ತಾನಾಗಿ ಕಾಣಿಸಿಕೊಳ್ಳುತ್ತದೆ. ಹೀಗೆ ಹಂಚಿದ ಪ್ರಿಂಟರ್‌ಗೆ ಆಂಡ್ರಾಯ್ಡ್ ಮೊಬೈಲಿನಿಂದಲೂ ಪ್ರಿಂಟ್ ಕೊಡಬಹುದು. ಕೊರತೆ ಒಂದೇ: ಬಾಗಿಲಿನ ಕಂಪ್ಯೂಟರ್ ಆಫ್ ಆದರೆ ಯಾರಿಗೂ ಪ್ರಿಂಟ್ ಇಲ್ಲ. ಹಾಗಾಗಿ ಇನ್ವರ್ಟರ್ ಸಂಪರ್ಕ ಇರುವ, ದಿನವಿಡೀ ಓಡುವ ಕಂಪ್ಯೂಟರನ್ನೇ ಈ ಕೆಲಸಕ್ಕೆ ಇಡಬೇಕು. ಅದು ತಾನಾಗಿ ನಿದ್ದೆಗೆ ಹೋಗದಂತೆ 'ಪವರ್' ಸೆಟ್ಟಿಂಗ್‌ನಲ್ಲಿ 'ಸಸ್ಪೆಂಡ್' ಎಂಬುದನ್ನು ನಿಲ್ಲಿಸಿಡಬೇಕು.

ಎ4 ಕಾಗದ, ಕನ್ನಡ ಅಕ್ಷರ

ಟೆಸ್ಟ್ ಪೇಜ್ ಚೆಂದ ಬಂತು, ಆರ್‌ಟಿಸಿ ಮಾತ್ರ ಕೆಳಗೆ ಕತ್ತರಿಸಿ ಬರುತ್ತದೆ ಎಂದಾದರೆ ಕಾಗದದ ಅಳತೆ ನೋಡಬೇಕು. ಕೆಲವು ಡ್ರೈವರ್‌ಗಳು ಅಮೆರಿಕದ 'ಲೆಟರ್' ಅಳತೆಯನ್ನೇ ಹಿಡಿದುಕೊಂಡಿರುತ್ತವೆ. ಅದು ಎ4ಗಿಂತ ಅಗಲ ಹೆಚ್ಚು, ಉದ್ದ ಕಡಿಮೆ. ಪ್ರಿಂಟರ್‌ನ 'ಪ್ರಾಪರ್ಟೀಸ್' ತೆರೆದು 'ಪ್ರಿಂಟರ್ ಆಪ್ಶನ್ಸ್' ಎಂಬಲ್ಲಿ ಎ4 ಎಂದು ಒಮ್ಮೆ ಬದಲಿಸಿಟ್ಟರೆ ಪ್ರತಿ ಸಲ ನೋಡುವ ತಲೆನೋವಿಲ್ಲ.

ಕನ್ನಡದ ಬದಲು ಚೌಕ ಡಬ್ಬಿಗಳು ಬಂದರೆ ಕಂಪ್ಯೂಟರ್‌ನಲ್ಲಿ ಕನ್ನಡ ಫಾಂಟ್ ಇಲ್ಲವೆಂದು ಅರ್ಥ. ನೋಟೋ, ಲೋಹಿತ್, ಗುಬ್ಬಿ, ನವಿಲು ಮುಂತಾದ ಉಚಿತ ಕನ್ನಡ ಫಾಂಟ್‌ಗಳು ಲಿನಕ್ಸ್ ಭಂಡಾರದಲ್ಲೇ ಇವೆ. ಕನ್ನಡದ ಬದಲು ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳು ಕಂಡರೆ ಸಂಗತಿ ಬೇರೆ. ಅದು ಯುನಿಕೋಡ್ ಅಲ್ಲದ ಹಳೆ ನುಡಿ ಅಥವಾ ಬರಹದಲ್ಲಿ ಟೈಪ್ ಮಾಡಿದ ಫೈಲ್. ಆ ಫಾಂಟ್ ಇಲ್ಲದ ಯಂತ್ರದಲ್ಲಿ ಓದಲಾಗುವುದಿಲ್ಲ. ಆಮಂತ್ರಣ, ಸಂಘದ ವರದಿ, ಪ್ರಾಜೆಕ್ಟ್ ತರುವ ಗಿರಾಕಿಗಳಿಗೆ "ಪಿಡಿಎಫ್ ಮಾಡಿ ತನ್ನಿ" ಎಂದು ಹೇಳುವುದು ಇಬ್ಬರಿಗೂ ಸುಲಭ. ಸರಿಯಾಗಿ ಮಾಡಿದ ಪಿಡಿಎಫ್‌ನಲ್ಲಿ ಫಾಂಟ್ ಒಳಗೇ ಸೇರಿರುತ್ತದೆ.

ಗಿರಾಕಿಯ ಕಾಗದ, ಅಂಗಡಿಯ ಜವಾಬ್ದಾರಿ

ಅಂಗಡಿಯ ಕಂಪ್ಯೂಟರ್ ಮೂಲಕ ದಿನಕ್ಕೆ ಎಷ್ಟೋ ಜನರ ಆಧಾರ್, ಬ್ಯಾಂಕ್ ಪಾಸ್‌ಬುಕ್, ಪಹಣಿ ಹಾದುಹೋಗುತ್ತದೆ. ಪ್ರಿಂಟ್ ಆದ ಮೇಲೂ ಅವು ಒಳಗೆ ಉಳಿದಿರುತ್ತವೆ ಎಂಬುದು ಹಲವರಿಗೆ ಗೊತ್ತಿಲ್ಲ. ಕಪ್ಸ್ ತನ್ನ ಮೂಲ ಸೆಟ್ಟಿಂಗ್‌ನಲ್ಲಿ ಮುಗಿದ ಕೆಲಸದ ಫೈಲನ್ನು 86,400 ಸೆಕೆಂಡ್, ಅಂದರೆ ಪೂರ್ತಿ ಒಂದು ದಿನ ಇಟ್ಟುಕೊಂಡಿರುತ್ತದೆ. ಆ ಹೊತ್ತಿನೊಳಗೆ ಅದನ್ನು 'ರೀಪ್ರಿಂಟ್' ಕೊಟ್ಟು ಮತ್ತೆ ತೆಗೆಯಲು ಸಾಧ್ಯ.

ಇದನ್ನು ತಪ್ಪಿಸುವುದು ಸುಲಭ. ಅದೇ 'ಸರ್ವರ್', 'ಸೆಟ್ಟಿಂಗ್ಸ್' ಕಿಟಕಿಯ 'ಅಡ್ವಾನ್ಸ್ಡ್' ಭಾಗದಲ್ಲಿ 'ಪ್ರಿಸರ್ವ್ ಜಾಬ್ ಹಿಸ್ಟರಿ ಬಟ್ ನಾಟ್ ಫೈಲ್ಸ್' ಎಂಬುದನ್ನು ಆರಿಸಬೇಕು. ಆಗ ಎಷ್ಟು ಪ್ರಿಂಟ್ ಹೋಯಿತು ಎಂಬ ಲೆಕ್ಕ ಉಳಿಯುತ್ತದೆ, ಗಿರಾಕಿಯ ಫೈಲ್ ಉಳಿಯುವುದಿಲ್ಲ. 'ಡೌನ್‌ಲೋಡ್ಸ್' ಫೋಲ್ಡರನ್ನೂ ಸಂಜೆ ಬಾಗಿಲು ಹಾಕುವ ಮೊದಲು ಖಾಲಿ ಮಾಡಿ, ಕಸದಬುಟ್ಟಿಯಿಂದಲೂ ತೆಗೆಯಬೇಕು. ಗಿರಾಕಿಗಳೂ ಪೂರ್ತಿ ನಂಬರ್ ಬೇಕಿಲ್ಲದ ಕಡೆ ಕೊನೆಯ 4 ಅಂಕಿ ಮಾತ್ರ ಕಾಣುವ ಮಾಸ್ಕ್ಡ್ ಆಧಾರ್ ಇಳಿಸಿಕೊಂಡು ಕೊಡಬಹುದು.

ಗಿರಾಕಿಗಳಿಗೆ ವೈಫೈ ಕೊಡುವ ಅಂಗಡಿಗಳು ರೂಟರ್‌ನ 'ಗೆಸ್ಟ್' ನೆಟ್‌ವರ್ಕ್ ಕೊಡುವುದು ಒಳ್ಳೆಯದು. ಮುಖ್ಯ ಪಾಸ್‌ವರ್ಡ್ ಕೊಟ್ಟರೆ ಹೊರಗೆ ನಿಂತವರೂ ಪ್ರಿಂಟರ್ ಮುಟ್ಟಬಹುದು. ಹಾಗೆಯೇ ಅಂಗಡಿಯ ಪ್ರಿಂಟರ್ ಅಥವಾ ಕಂಪ್ಯೂಟರ್ ತಪ್ಪಿ ಗೆಸ್ಟ್ ಕಡೆ ಸೇರಿಕೊಂಡರೆ ಒಂದಕ್ಕೊಂದು ಕಾಣುವುದಿಲ್ಲ. ರೂಟರ್‌ನಲ್ಲಿ 631 ಅಥವಾ 9100 ಪೋರ್ಟ್ ಅನ್ನು ಹೊರಗಿನ ಇಂಟರ್ನೆಟ್‌ಗೆ ಯಾವ ಕಾರಣಕ್ಕೂ ತೆರೆಯಬಾರದು.

ಅಪ್‌ಡೇಟ್‌ಗಳನ್ನೂ ಮುಂದೂಡಬಾರದು. 2024ರ ಸೆಪ್ಟೆಂಬರ್‌ನಲ್ಲಿ ಕಪ್ಸ್‌ಗೆ ಸಂಬಂಧಿಸಿದ ಕೆಲವು ಭಾಗಗಳಲ್ಲಿ ಗಂಭೀರ ದೋಷ ಬಹಿರಂಗವಾಯಿತು. ನೆಟ್‌ವರ್ಕ್‌ನಲ್ಲಿ ಪ್ರಿಂಟರ್ ಹುಡುಕಿಕೊಡುವ ಒಂದು ಭಾಗವು 631 ಪೋರ್ಟ್‌ನಲ್ಲಿ ಯಾರು ಏನು ಕಳಿಸಿದರೂ ನಂಬುತ್ತಿತ್ತು. ಸುಳ್ಳು ಪ್ರಿಂಟರ್ ಸೇರಿಸಿ, ಅದಕ್ಕೆ ಪ್ರಿಂಟ್ ಕೊಟ್ಟಾಗ ಕಂಪ್ಯೂಟರ್‌ನಲ್ಲಿ ತಮ್ಮ ಆದೇಶ ಓಡಿಸುವ ದಾರಿ ಅದರಿಂದ ಸಿಗುತ್ತಿತ್ತು. ಲಿನಕ್ಸ್ ತಂಡಗಳು ಕೂಡಲೇ ಸರಿಪಡಿಸಿ ಅಪ್‌ಡೇಟ್ ಬಿಟ್ಟವು. ಮಿಂಟ್‌ನಲ್ಲಿ ಕೆಳಗಿನ ಪಟ್ಟಿಯಲ್ಲಿ ಕಾಣುವ ಗುರಾಣಿಯ ಚಿತ್ರ ಒತ್ತಿ ವಾರಕ್ಕೊಮ್ಮೆ ಅಪ್‌ಡೇಟ್ ಕೊಟ್ಟರೆ ಸಾಕು.

ಪ್ರಿಂಟ್ ಬರುತ್ತಿಲ್ಲ, ಎಂತ ನೋಡುವುದು?

ಮೊದಲನೆಯ ನಿಯಮ: ಮತ್ತೆ ಮತ್ತೆ ಪ್ರಿಂಟ್ ಒತ್ತಬಾರದು. ಒತ್ತಿದಷ್ಟೂ ಸಾಲಿನಲ್ಲಿ ನಿಲ್ಲುತ್ತದೆ. ಸಂಪರ್ಕ ಬಂದ ಕೂಡಲೇ ಒಬ್ಬರದ್ದೇ ಆಧಾರ್ ಹತ್ತು ಪ್ರತಿ ಹೊರಬೀಳುತ್ತದೆ. ಅದರ ಬದಲು ಈ ಕ್ರಮದಲ್ಲಿ ನೋಡಬೇಕು.

1. ಪ್ರಿಂಟರ್‌ನಲ್ಲೇ ಏನಾದರೂ ಕೆಂಪು ದೀಪ, ಕಾಗದ ಸಿಕ್ಕಿಕೊಂಡಿರುವುದು, ಮುಚ್ಚಳ ತೆರೆದಿರುವುದು ಇದೆಯೇ?

2. ಕಂಪ್ಯೂಟರ್‌ನಿಂದ ಪ್ರಿಂಟರ್ ಕಾಣುತ್ತಿದೆಯೇ? ಟರ್ಮಿನಲ್ ತೆರೆದು 'ಪಿಂಗ್' ಎಂದು ಇಂಗ್ಲಿಷ್‌ನಲ್ಲಿ ಬರೆದು, ಜಾಗ ಬಿಟ್ಟು 192.168.1.50 ಕೊಟ್ಟು ಎಂಟರ್ ಒತ್ತಬೇಕು. ಸಾಲು ಸಾಲಾಗಿ ಉತ್ತರ ಬಂದರೆ ದಾರಿ ಸರಿಯಿದೆ. ಕಂಟ್ರೋಲ್ ಮತ್ತು ಸಿ ಒಟ್ಟಿಗೆ ಒತ್ತಿದರೆ ನಿಲ್ಲುತ್ತದೆ. ಉತ್ತರ ಬರದಿದ್ದರೆ ತೊಂದರೆ ಕೇಬಲ್, ವೈಫೈ ಅಥವಾ ರೂಟರ್‌ನಲ್ಲಿದೆ. ಡ್ರೈವರ್ ಕೆದಕಿ ಪ್ರಯೋಜನ ಇಲ್ಲ.

3. ದಾರಿ ಸರಿಯಿದ್ದೂ ಪ್ರಿಂಟ್ ಇಲ್ಲವೆಂದರೆ ಸರತಿ ನಿಂತಿರಬಹುದು. ಒಮ್ಮೆ ಸಂಪರ್ಕ ತಪ್ಪಿದಾಗ ಕಪ್ಸ್ ಕೆಲವೊಮ್ಮೆ ಪ್ರಿಂಟರನ್ನೇ ನಿಲ್ಲಿಸಿಬಿಡುತ್ತದೆ, ಕರೆಂಟ್ ಬಂದರೂ ತಾನಾಗಿ ಶುರುವಾಗುವುದಿಲ್ಲ. ಪ್ರಿಂಟರ್‌ನ ಮೇಲೆ ಬಲಗುಂಡಿ ಒತ್ತಿ 'ಎನೇಬಲ್ಡ್' ಎಂಬುದಕ್ಕೆ ಟಿಕ್ ಹಾಕಬೇಕು. ಪದೇ ಪದೇ ಹೀಗಾದರೆ 'ಪ್ರಾಪರ್ಟೀಸ್' ಒಳಗಿನ 'ಪಾಲಿಸೀಸ್' ಎಂಬಲ್ಲಿ 'ಎರರ್ ಪಾಲಿಸಿ'ಯನ್ನು 'ರಿಟ್ರೈ ಜಾಬ್' ಎಂದು ಬದಲಿಸಿದರೆ ಅದೇ ಮತ್ತೆ ಮತ್ತೆ ಪ್ರಯತ್ನಿಸುತ್ತದೆ.

4. ಸಾಲಿನ ಮೊದಲ ಫೈಲೇ ಕೆಟ್ಟಿದ್ದರೆ ಹಿಂದಿನದೆಲ್ಲ ನಿಲ್ಲುತ್ತದೆ. 'ಪ್ರಿಂಟ್ ಕ್ಯೂ' ತೆರೆದು ಅದೊಂದನ್ನು 'ಕ್ಯಾನ್ಸಲ್' ಮಾಡಬೇಕು.

5. ಕಾಗದದ ತುಂಬ ಅರ್ಥವಿಲ್ಲದ ಅಕ್ಷರ ಬಂದರೆ ಡ್ರೈವರ್ ತಪ್ಪು. ಪ್ರಿಂಟರ್ ತೆಗೆದು, ಸರಿಯಾದ ಮಾಡೆಲ್ ಆರಿಸಿ ಮತ್ತೆ ಸೇರಿಸಬೇಕು.

ಮಳೆಗಾಲದ ಜಾಗ್ರತೆ

ಕರೆಂಟ್ ಬಂದ ಮೇಲೆ ಆನ್ ಮಾಡುವುದಕ್ಕೂ ಒಂದು ಕ್ರಮ ಇದೆ. ಮೊದಲು ರೂಟರ್, ಎರಡು ಮೂರು ನಿಮಿಷ ಬಿಟ್ಟು ಪ್ರಿಂಟರ್, ಆಮೇಲೆ ಕಂಪ್ಯೂಟರ್. ಲೇಸರ್‌ಜೆಟ್ 1020ರಂಥ ಯುಎಸ್‌ಬಿ ಪ್ರಿಂಟರ್ ಇದ್ದಲ್ಲಿ ಮಾತ್ರ ಪ್ರಿಂಟರ್ ಕೊನೆಗೆ. ರೂಟರ್ ಮತ್ತು ಫೈಬರ್ ಪೆಟ್ಟಿಗೆಗೆ ಒಂದು ಸಣ್ಣ ಯುಪಿಎಸ್ ಹಾಕಿಟ್ಟರೆ ಐದು ಹತ್ತು ನಿಮಿಷದ ಕರೆಂಟ್ ಕಡಿತಕ್ಕೆ ನೆಟ್‌ವರ್ಕ್ ಅಲುಗಾಡುವುದಿಲ್ಲ. ಲೇಸರ್ ಪ್ರಿಂಟರನ್ನು ಮಾತ್ರ ಸಣ್ಣ ಯುಪಿಎಸ್‌ಗೆ ಸೇರಿಸಬಾರದು. ಶಾಯಿಪುಡಿ ಕರಗಿಸುವ ಬಿಸಿ ರೋಲರ್ ಒಮ್ಮೆಗೇ ತುಂಬ ಕರೆಂಟ್ ಎಳೆಯುತ್ತದೆ, ಯುಪಿಎಸ್ ತಡೆದುಕೊಳ್ಳುವುದಿಲ್ಲ.

ಗುಡುಗು ಸಿಡಿಲು ಶುರುವಾಗುವ ಲಕ್ಷಣ ಕಂಡರೆ ಸ್ವಿಚ್ ಆಫ್ ಮಾಡಿದರೆ ಸಾಲದು, ಪ್ಲಗ್ ಕಿತ್ತಿಡಬೇಕು. ಇಂಟರ್ನೆಟ್ ಫೈಬರ್‌ನಲ್ಲಿ ಬರುವುದಾದರೆ ಆ ಗಾಜಿನ ಎಳೆಯಲ್ಲಿ ವಿದ್ಯುತ್ ಹರಿಯುವುದಿಲ್ಲ, ನಿಜ. ಆದರೆ ರೂಟರ್‌ನ ಅಡಾಪ್ಟರ್ ಮೂಲಕ ಬಂದದ್ದು ಲ್ಯಾನ್ ಕೇಬಲ್ ಹಿಡಿದು ಪ್ರಿಂಟರ್‌ಗೂ ಕಂಪ್ಯೂಟರ್‌ಗೂ ಹೋಗಬಲ್ಲದು. ಆದ್ದರಿಂದ ಲ್ಯಾನ್ ಕೇಬಲನ್ನೂ ಬಿಡಿಸಿಡುವುದು ಕ್ಷೇಮ. ಸಿಡಿಲು ಹತ್ತಿರ ಬಂದ ಮೇಲೆ ವಯರ್ ಮುಟ್ಟಲು ಹೋಗಬಾರದು.

ಮಳೆಗಾಲದಲ್ಲಿ ಕಾಗದ ಥಂಡಿ ಹೀರಿ ಮೆತ್ತಗಾಗುತ್ತದೆ. ಲೇಸರ್ ಪ್ರಿಂಟರ್‌ನಲ್ಲಿ ಅದು ಸುರುಳಿ ಸುತ್ತಿ ಸಿಕ್ಕಿಕೊಳ್ಳುತ್ತದೆ, ಇಂಕ್ ಪ್ರಿಂಟರ್‌ನಲ್ಲಿ ಎರಡೆರಡು ಹಾಳೆ ಒಟ್ಟಿಗೆ ಹೋಗುತ್ತದೆ. ರಾತ್ರಿ ಟ್ರೇಯಲ್ಲಿ ಕಾಗದ ಬಿಡದೆ ಪ್ಲಾಸ್ಟಿಕ್ ಕವರ್‌ಗೆ ಹಾಕಿ ಕಟ್ಟಿಡಬೇಕು. ಒಡೆಯದ ಕಟ್ಟನ್ನು ನೆಲದ ಮೇಲೆ ಇಡದೆ ಹಲಗೆಯ ಮೇಲೆ ಇಡಬೇಕು.

ಗೋಡೆಗೆ ಒಂದು ಚೀಟಿ

ಕೆಲಸ ಮುಗಿದ ದಿನವೇ ಒಂದು ಹಾಳೆಯಲ್ಲಿ ಇಷ್ಟನ್ನು ಬರೆದು ಪ್ರಿಂಟರ್ ಪಕ್ಕದ ಗೋಡೆಗೆ ಅಂಟಿಸಬೇಕು: ಪ್ರಿಂಟರ್‌ನ ಮಾಡೆಲ್, ಅದಕ್ಕೆ ಕೊಟ್ಟ ಹೆಸರು, ಖಾಯಂ ಐಪಿ ವಿಳಾಸ, ಮ್ಯಾಕ್ ವಿಳಾಸ, ರೂಟರ್‌ನ ವಿಳಾಸ, ಐಪಿಪಿ ಅಥವಾ 9100 ಎಂಬುದರಲ್ಲಿ ಯಾವ ಕ್ರಮ ಬಳಸಿದ್ದು, ಆನ್ ಮಾಡುವ ಕ್ರಮ. ಪಾಸ್‌ವರ್ಡ್ ಮಾತ್ರ ಅದರಲ್ಲಿ ಬರೆಯಬಾರದು, ಬೇರೆ ಪುಸ್ತಕದಲ್ಲಿರಲಿ. ರೂಟರ್ ಬದಲಿಸಿದಾಗ ಹಳೆ ರಿಸರ್ವೇಶನ್ ಅದರೊಂದಿಗೇ ಹೋಗುತ್ತದೆ. ಆಗ ಈ ಚೀಟಿ ನೋಡಿ ಅದೇ ವಿಳಾಸವನ್ನು ಹೊಸದಕ್ಕೂ ಹಾಕಿದರೆ ಕಂಪ್ಯೂಟರ್‌ಗಳಲ್ಲಿ ಒಂದನ್ನೂ ಮುಟ್ಟಬೇಕಾಗಿಲ್ಲ. ರಿಪೇರಿಗೆ ಸುಳ್ಯದಿಂದಲೋ ಪುತ್ತೂರಿನಿಂದಲೋ ಜನ ಬರುವವರೆಗೆ ಕಾಯದೆ, ಅಂಗಡಿಯಲ್ಲಿದ್ದವರೇ ಫೋನ್‌ನಲ್ಲಿ ಕೇಳಿಕೊಂಡು ಸರಿಮಾಡಲು ಆ ಒಂದು ಹಾಳೆ ಸಾಕಾಗುತ್ತದೆ.